ಸುಣ್ಣ ಹಚ್ಚದ ನೀರು

ಹೊಸಗುಡ್ಡ, ಇರಕಲ್ಲಗಡ ಹೋಬಳಿ
12 ಏಪ್ರಿಲ್ 2023

ಮಾನ್ಯ ಗೋವಿಂದರಾಜ ಅವರಿಗೆ,

ನಮಸ್ಕಾರ. ಮೈಸೂರಿನ ನಿಮ್ಮ ನೀರು ಪರೀಕ್ಷೆಯ ಪ್ರಯೋಗಾಲಯಕ್ಕೆ ಫೋನ್ ಮಾಡಿದಾಗ, "ಸರ್ ಫೋನಿನಲ್ಲಿ ಮಾತಾಡುವುದಿಲ್ಲ, ಬಾಟಲಿಯ ಜೊತೆ ಬರೆದು ಕಳಿಸಿ" ಎಂದರು. ಹಾಗಾಗಿ ಬರೆಯುತ್ತಿದ್ದೇನೆ. ನಾನು ದ್ರಾಕ್ಷಾಯಿಣಿ, ಹೊಸಗುಡ್ಡ ಗ್ರಾಮ ಪಂಚಾಯ್ತಿಯ ಅಧ್ಯಕ್ಷೆ.

ನಮ್ಮ ಊರಿನ ಬೆನ್ನಿಗೆ ಕರಡಿಗುಡ್ಡವಿದೆ. ಕಾಯ್ದಿಟ್ಟ ಅರಣ್ಯ. ಅದರೊಳಗಿಂದ ಏಡಿಹಳ್ಳ ಇಳಿದು ಬರುತ್ತದೆ. ಕಾಡಿನೊಳಗಿನ ಮಡುವುಗಳು ಬೇಸಿಗೆಯಲ್ಲೂ ಬತ್ತುವುದಿಲ್ಲ. ಗುಡ್ಡದ ಬುಡದಲ್ಲಿ ಹಳ್ಳ ಗಂಗವ್ವನ ಹೊಂಡ ಸೇರುತ್ತದೆ. ಊರು ಕುಡಿಯುವುದು ಅದನ್ನೇ. ಪಡುವಲ ಬಯಲಿನಲ್ಲಿ ಕೆಲವು ವರ್ಷಗಳಿಂದ ಕಲ್ಲಿದ್ದಲು ಉರಿಸಿ ಕಬ್ಬಿಣ ತೆಗೆಯುವ ಒಂದು ಸ್ಪಾಂಜ್ ಐರನ್ ಫ್ಯಾಕ್ಟರಿ ನಡೆಯುತ್ತಿದೆ. ಈಗ ಎರಡನೆಯ ಚಿಮಣಿಗೆ ಅನುಮತಿ ಕೇಳಿದ್ದಾರೆ. ಅಕ್ಟೋಬರಿನಲ್ಲಿ ಸಾರ್ವಜನಿಕ ಅಹವಾಲು ಸಭೆ.

ಹೊಗೆ ನಮ್ಮ ಹಳ್ಳವನ್ನು ಕೆಡಿಸುತ್ತಿದೆ ಎಂದು ನಾನು ಗ್ರಾಮಸಭೆಯಲ್ಲಿ ಹೇಳಿಬಿಟ್ಟಿದ್ದೇನೆ. ಹೋದ ಮಳೆಗಾಲದಲ್ಲಿ ಕಾಡಿನ ಏಡಿಗಳನ್ನು ಹಿಡಿದು ನೋಡಿದೆ. ಚಿಪ್ಪು ನೆನೆದ ರೊಟ್ಟಿಯ ಹಾಗೆ ಬಾಗುತ್ತದೆ. ಫ್ಯಾಕ್ಟರಿಯವರು ನಗುತ್ತಾರೆ. "ಹೊಗಿ ಮ್ಯಾಲ ಹೋಗತೈತಿ, ನೀರು ಕೆಳಗ ಹರಿತೈತಿ. ಎರಡಕ್ಕೂ ಭೇಟಿ ಯಾವಾಗ ಆತ್ರಿ ಅಧ್ಯಕ್ಷರ?" ಎಂದು ಅವರ ಪರಿಸರ ಅಧಿಕಾರಿ ಎಲ್ಲರ ಎದುರು ಕೇಳಿದರು. ಅದರ ಉತ್ತರ ನನಗೆ ಬೇಕು. ನಿಮ್ಮಲ್ಲಿ ಇರಬಹುದು.

ಗಂಗವ್ವನ ಹೊಂಡದ ನೀರನ್ನು, ಮಾಡಬೇಕಾದ ಮರ್ಯಾದೆಯನ್ನೆಲ್ಲ ಮಾಡಿ, ಹೊಸ ಬಾಟಲಿಗಳಲ್ಲಿ ತುಂಬಿದ್ದೇವೆ. ನಮ್ಮ ಟಂಟಂ ಆಟೋ ಓಡಿಸುವ ಶಬ್ಬೀರ ಐಸಿನ ಡಬ್ಬಿಯನ್ನು ಕೊಪ್ಪಳದಲ್ಲಿ ಮೈಸೂರಿನ ಬಸ್ಸಿಗೆ ಹಾಕುತ್ತಾನೆ.

ಇಂತಿ,
ದ್ರಾಕ್ಷಾಯಿಣಿ


ಮೈಸೂರು
3 ಮೇ 2023

ಶ್ರೀಮತಿ ದ್ರಾಕ್ಷಾಯಿಣಿಯವರಿಗೆ,

ನಿಮ್ಮ ನೀರು ಚೆನ್ನಾಗಿದೆ.

ಹೊಗೆ ಮತ್ತು ನೀರಿನ ಭೇಟಿ ನಡೆಯುವುದು ನಿಜ. ಕಲ್ಲಿದ್ದಲಿನಲ್ಲಿ ಗಂಧಕವಿರುತ್ತದೆ. ಉರಿದಾಗ ಅದು ಹೊಗೆಯ ಜೊತೆ ಹೊರಟು, ಗಾಳಿ ಒಯ್ದ ಕಡೆ ಎಲೆಗಳ ಮೇಲೆ, ಬಂಡೆಗಳ ಮೇಲೆ ಕೂರುತ್ತದೆ. ಮಳೆ ಬಂದಾಗ ಆಮ್ಲವಾಗಿ ಹಳ್ಳಕ್ಕೆ ಇಳಿಯುತ್ತದೆ. ಕಾಡಿನ ಮರಗಳಿಗೆ ಎಲೆ ಹೆಚ್ಚು, ಆದ್ದರಿಂದ ಬಯಲಿಗಿಂತ ಕಾಡು ಹೆಚ್ಚು ಹೊಗೆಯನ್ನು ಹಿಡಿಯುತ್ತದೆ. ನಿಮ್ಮ ಕಡೆಯಂಥ ಗಟ್ಟಿ ಕಲ್ಲಿನ ಮೇಲಿನ ತೆಳುಮಣ್ಣಿಗೆ ಆ ಹುಳಿಯನ್ನು ತಡೆದುಕೊಳ್ಳುವ ಶಕ್ತಿ ಕಡಿಮೆ. ಇದೆಲ್ಲ ಬೇರೆ ಕಡೆ ನಡೆದಿದೆ. ನಿಮ್ಮಲ್ಲಿ ನಡೆದಿಲ್ಲ.

ನೀರು ಹುಳಿಯೋ ಅಲ್ಲವೋ ಎಂದು ಹೇಳುವ ಅಂಕಿಗೆ ಪಿಎಚ್ ಎನ್ನುತ್ತೇವೆ. ಏಳು ನಡುವಿನದು. ಕೆಳಗೆ ಹೋದರೆ ಹುಳಿ, ಮೇಲೆ ಹೋದರೆ ಕ್ಷಾರ. ನಿಮ್ಮದು 8.4. ಹುಳಿಯ ಸುಳಿವೂ ಇಲ್ಲ. ಏಡಿಗಳು ಹಳೆಯ ಚಿಪ್ಪನ್ನು ಕಳಚಿದ ಹೊಸತರಲ್ಲಿ ಮೆತ್ತಗೇ ಇರುತ್ತವೆ. ನೀವು ನೋಡಿದ್ದು ಅದಿರಬಹುದು.

ನಿರಾಸೆಯಾಗಿದ್ದರೆ ನಾನು ಅದಕ್ಕೆ ಹೊಣೆಯಲ್ಲ. ನಾನು ನೀರು ಹೇಳಿದ್ದನ್ನು ಬರೆಯುತ್ತೇನೆ. ನೀರು ಕಳಿಸಿದವರ ಆಸೆಯನ್ನು ಬರೆಯಲಾರೆ.

ಗೋವಿಂದರಾಜ


ಹೊಸಗುಡ್ಡ
22 ಮೇ 2023

ಮಾನ್ಯರೇ,

ವರದಿ ತಲುಪಿತು. ಇನ್ನೊಮ್ಮೆ ನೋಡಬೇಕೆಂದು ಬೇಡಿಕೆ. ಈ ಸಲ ನಾನೇ ಮುಂದೆ ನಿಂತು ಹೋದ ಸಲಕ್ಕಿಂತ ಚೊಕ್ಕಟವಾಗಿ ತುಂಬಿಸಿದ್ದೇನೆ. ಇಲ್ಲಿ ಎಲ್ಲರೂ ಕ್ಷೇಮ. ಹೆಚ್ಚಿಗೆ ಬರೆಯುವಂಥದ್ದು ಏನೂ ಇಲ್ಲ.

ದ್ರಾಕ್ಷಾಯಿಣಿ


ಮೈಸೂರು
8 ಜೂನ್ 2023

ಶ್ರೀಮತಿ ದ್ರಾಕ್ಷಾಯಿಣಿಯವರಿಗೆ,

ಎರಡನೆಯ ಡಬ್ಬಿಯ ನೀರು 9.1. ಕಾಡಿನ ಹಳ್ಳವೊಂದು ಹೀಗಿರುವುದಿಲ್ಲ. ಸುಣ್ಣದ ಅಂಶ ಇಷ್ಟು ಇರಬೇಕಾದರೆ ನಿಮ್ಮ ಗುಡ್ಡ ಸುಣ್ಣಕಲ್ಲಿನದಾಗಿರಬೇಕಿತ್ತು. ಕರಡಿಗುಡ್ಡ ಸುಣ್ಣಕಲ್ಲಲ್ಲ ಎಂದು ನನಗೆ ಗೊತ್ತು.

ಬಾಟಲಿಗೆ ಏನೋ ಬೆರೆತಿದೆ. ಯಾರು, ಯಾಕೆ ಎಂದು ಕೇಳುವುದು ನನ್ನ ಕೆಲಸವಲ್ಲ. ನೀರು ಚೆನ್ನಾಗಿ ಕಾಣುವುದರಿಂದ ಯಾರಿಗೆ ಲಾಭ ಎಂಬುದನ್ನು ಮಾತ್ರ ನೀವೂ ಯೋಚಿಸಬಲ್ಲಿರಿ. ಹಾಗೆ ಲಾಭವಾಗುವವರ ಪರವಾಗಿ ಈ ಡಬ್ಬಿಗಳು ಬರುತ್ತಿದ್ದರೆ, ದಯವಿಟ್ಟು ಇನ್ನು ಕಳಿಸಬೇಡಿ.

ಗೋವಿಂದರಾಜ


ಹೊಸಗುಡ್ಡ
10 ಆಗಸ್ಟ್ 2023

ಗೋವಿಂದರಾಜ ಸಾಹೇಬರಿಗೆ,

ಬರೆಯಬಾರದು ಅಂತಲೇ ಇದ್ದೆ. ಎರಡು ತಿಂಗಳು ತಡದೆ. ಇವತ್ತು ತಡೀಲಿಲ್ಲ. ಇನ್ನು ಮಾನ್ಯರೇ ಗೀನ್ಯರೇ ಅಂತ ಬರಿಯೂದು ನನ್ನ ಕಡಿಂದ ಆಗೂದಿಲ್ಲ. ಬಾಯಿಗೆ ಬಂದಂಗ ಬರೀತೀನಿ.

ನಿಮ್ಮ ಮೊದಲನೇ ವರದಿ ಏನು ಮಾಡೇತಿ ಗೊತ್ತೇನ್ರಿ? ಫ್ಯಾಕ್ಟರಿಯವರು ಪಂಚಾಯ್ತಿ ಆಫೀಸಿನಿಂದ ನಕಲು ತಗೊಂಡು ಅದನ್ನ ದೊಡ್ಡದಾಗಿ ಛಾಪಿಸಿ ಬಸ್ ಸ್ಟ್ಯಾಂಡಿನ ಗ್ವಾಡಿಗೆ ಅಂಟಿಸ್ಯಾರ. "ನಿಮ್ಮ ನೀರು ಚೆನ್ನಾಗಿದೆ." ಕೆಳಗ ನಿಮ್ಮ ಹೆಸರು. ನಾ ಎದ್ದು ಹೊರಗ ಬಂದ್ರ ಸಾಕು, "ಚೆನ್ನಾಗವ್ವ ಬಂದ್ಲು" ಅಂತಾರ. ಕುರಿ ಕಾಯೋ ಹನಮಪ್ಪ ಕಾಕಾ, ನನಗ ಮೆತ್ತನ್ನ ಏಡಿ ತೋರಿಸಿದಾಂವನೇ ಅಂವಾ, "ಯವ್ವಾ ದ್ರಾಕ್ಷಿ, ನನ್ನ ಕಣ್ಣೇ ಹೋಗ್ಯಾವೋ, ಏಡೀನೇ ಸುಳ್ಳ ಹೇಳತಾವೋ" ಅಂತ ಕೇಳಿದ. ಇದನ್ನೆಲ್ಲ ಆಗ ಬರಿಲಿಲ್ಲ. ನಿಮ್ಮ ಮುಂದ ಯಾಕ ಅಳಬೇಕು ಅಂತ.

ಅದರ ಮ್ಯಾಲ ನಾವು ಬಾಟಲಿಗೆ ಏನೋ ಬೆರಸೀವಿ ಅಂತ ಬರದೀರಿ. ಫ್ಯಾಕ್ಟರಿಯವರ ರೊಕ್ಕ ತಿಂದೀವಿ ಅಂತ ಬರಿಯೂದೊಂದು ಬಾಕಿ ಇಟ್ಟೀರಿ. ಕೇಳ್ರಿ ಇಲ್ಲೆ. ಗಂಗವ್ವನ ಪೂಜಿ ಮಾಡಾಕಿ ನಮ್ಮ ಮಾಳವ್ವ ದೊಡ್ಡವ್ವ. ಆಕಿ, "ಸಿಂಗಾರ ಇಲ್ಲದ ಬರೇ ಮಾರಿಲೆ ಗಂಗವ್ವನ ಊರ ಹೊರಗ ಕಳಸಂಗಿಲ್ಲ" ಅಂದ್ಲು. ವರ್ಷಾ ಯುಗಾದಿಗೆ ಹೊಂಡಕ್ಕ ಇಳಿಯೋ ಪಾವಟಿಗಿ ಕಲ್ಲಿಗೆಲ್ಲ ಸುಣ್ಣ ಹಚ್ಚಿ, ಕೆಮ್ಮಣ್ಣಿನ ಪಟ್ಟಿ ಎಳೀತೀವಿ. ಉಳದ ಸುಣ್ಣ ಹೊರಗ ಚೆಲ್ಲಂಗಿಲ್ಲ, ಹೊಂಡಕ್ಕೇ ಬಿಡಬೇಕು, ಅದು ಗಂಗವ್ವನ ಪಾಲು. ಈ ವರ್ಷ ಆಕಿ ಮೈಸೂರಿಗೆ ಹೊಂಟಾಳಂತ ಡಬ್ಬಿ ಕಳಿಸೋ ಹಿಂದಿನ ದಿನ ಎರಡೂ ಸಲ ಹೊಸದಾಗಿ ಹಚ್ಚಿದಿವಿ. ಹೆಣ್ಣು ನೋಡಾಕ ಮಂದಿ ಬಂದಾಗ ಹುಡುಗಿಗೆ ಹೊಸ ಸೀರಿ ಉಡಸೂದಿಲ್ಲೇನ್ರಿ, ಹಂಗ. ಎರಡನೇ ಸಲ ನೀವು ಸಿಟ್ಟಾಗೀರಂತ ಇನ್ನೊಂದು ಬುಟ್ಟಿ ಸುಣ್ಣ ಜಾಸ್ತಿನೇ ತಂದಿದ್ವಿ. ಇಷ್ಟು ಮರ್ಯಾದಿ ಮಾಡಿ ಕಳಿಸಿದ ನೀರಿಗೆ ನೀವು ಕಳ್ಳಿ ಅಂತೀರಿ.

ಮೈಸೂರಿನಾವರಿಗೆ ಜ್ವಾಳದ ರೊಟ್ಟಿನೂ ಗೊತ್ತಿಲ್ಲ, ಏಡಿನೂ ಗೊತ್ತಿಲ್ಲ. ನನ್ನ ತಪ್ಪು, ನಿಮ್ಮನ್ನ ಕೇಳಿದ್ದು.

ದ್ರಾಕ್ಷಾಯಿಣಿ


ಮೈಸೂರು
16 ಆಗಸ್ಟ್ 2023

ದ್ರಾಕ್ಷಾಯಿಣಿಯವರಿಗೆ,

ಸುಣ್ಣ!

ನಿಮ್ಮ ಕಾಗದವನ್ನು ನಿಂತೇ ಓದಿದೆ. ಆಮೇಲೆ ಕೂತು ಓದಿದೆ. ಬಹಳ ದಿನಗಳ ನಂತರ ಒಬ್ಬನೇ ಕೋಣೆಯಲ್ಲಿ ನಕ್ಕೆ, ಪಕ್ಕದ ಕೋಣೆಯವರು ಬಂದು ನೋಡಿ ಹೋದರು.

ನಾನು ಇಷ್ಟು ದಿನ ಪರೀಕ್ಷೆ ಮಾಡಿದ್ದು ನಿಮ್ಮ ಹಳ್ಳವನ್ನಲ್ಲ, ನಿಮ್ಮ ಮರ್ಯಾದೆಯನ್ನು. ಸುಣ್ಣ ಹುಳಿಯನ್ನು ಕೊಲ್ಲುತ್ತದೆ. ಹೊಂಡಕ್ಕೆ ಬಂದ ಆಮ್ಲವನ್ನೆಲ್ಲ ಗಂಗವ್ವನ ಪಾಲಿನ ಸುಣ್ಣ ನುಂಗಿ ಹಾಕಿದೆ. ಆಮ್ಲದಿಂದ ಕೆಟ್ಟ ಹಳ್ಳ, ಕೆರೆಗಳಿಗೆ ಸುಣ್ಣ ಹಾಕಿ ಉಳಿಸಿಕೊಂಡ ದೇಶಗಳಿವೆ. ನೀವು ಗೊತ್ತಿಲ್ಲದೆಯೇ ಅದನ್ನು ಮಾಡುತ್ತ ಬಂದಿದ್ದೀರಿ. ಗೊತ್ತಿಲ್ಲದೆಯೇ ನಾನು ಅದನ್ನು ಕಳ್ಳತನ ಎಂದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಈಗ ಒಂದೇ ಪ್ರಶ್ನೆ. ಹೊಂಡದಲ್ಲೂ ಏಡಿಗಳಿವೆಯೇ? ಅವೂ ಮೆತ್ತಗಿವೆಯೇ?

ಇನ್ನು ಕೆಲಸ. ಹೊಂಡಕ್ಕಿಂತ ಮೇಲೆ, ಸುಣ್ಣ ಸೋಕದ ಕಾಡಿನ ಮಡುವಿನಿಂದ ನೀರು ಬೇಕು. ಅದೂ ಯಾವತ್ತಿನ ನೀರೋ ಅಲ್ಲ. ಈ ಆಗಸ್ಟಿನಲ್ಲಿ ನಿಮ್ಮ ಕಡೆ ಮಳೆಯಿಲ್ಲವೆಂದು ಓದುತ್ತಿದ್ದೇನೆ. ಅಷ್ಟೂ ದಿನದ ಹೊಗೆ ಈಗ ಎಲೆಗಳ ಮೇಲೆ ಕೂತಿದೆ. ಮಳೆ ಬಂದ ದಿನ ಅದೆಲ್ಲ ಒಟ್ಟಿಗೆ ಇಳಿಯುತ್ತದೆ. ಹಳ್ಳ ಏರತೊಡಗಿದ ಹೊತ್ತಿನ ನೀರು ಬೇಕು. ಮರುದಿನ ಹೋದರೆ ಏನೂ ಸಿಗುವುದಿಲ್ಲ. ಗುಡ್ಡದ ಮೂಡಲ ಬದಿಗೆ, ಹೊಗೆ ತಾಕದ ಕಡೆ, ಇನ್ನೊಂದು ಹಳ್ಳವಿದ್ದರೆ ಅದೇ ಮಳೆಯ ನೀರು ಅಲ್ಲಿಂದಲೂ ಬೇಕು. ಅದೇ ಕಲ್ಲು, ಅದೇ ಮಳೆ, ಅವೇ ಕುರಿಗಳು. ಹೊಗೆ ಮಾತ್ರ ಬೇರೆ. ಆಗ ಯಾರೂ ಬೇರೆ ಕಾರಣ ಹೇಳಲಾರರು.

ಯಾರೂ ಯಾವುದಕ್ಕೂ ಸುಣ್ಣ ಹಚ್ಚಬೇಡಿ.

ಗೋವಿಂದರಾಜ


ಹೊಸಗುಡ್ಡ
12 ಸೆಪ್ಟೆಂಬರ್ 2023

ಗೋವಿಂದರಾಜ ಸರ್,

ಮಳಿ ಬಂತು. ಡಬ್ಬಿ ಕಳಿಸೀನಿ. ಈಗ ಕೇಳ್ರಿ ಹೆಂಗ ಬಂತಂತ.

ನಿಮ್ಮ ಕಾಗದ ಓದಿ ಹೇಳಿದ ಮ್ಯಾಲ ಮಾಳವ್ವ ದೊಡ್ಡವ್ವ ಎರಡು ದಿನ ನನ್ನ ಕೂಡ ಮಾತಾಡಲಿಲ್ಲ. "ತಲಿ ಬಾಚಲಾರದಾಕಿನ್ನ ಪರಊರಿಗೆ ಕಳಸಂತೀಯಲ್ಲ, ನಿನಗ ಹೆಣ್ಣಮಕ್ಕಳಿದ್ದಿದ್ರ ಗೊತ್ತಾಗತಿತ್ತು" ಅಂದ್ಲು. ನಾ ಅಂದೆ, "ದೊಡ್ಡವ್ವ, ಮದುವಿಗೆ ಅಲ್ಲ, ಆಕಿನ್ನ ದವಾಖಾನಿಗೆ ಕಳಸಾಕತ್ತೀವಿ. ಡಾಕ್ಟರ್ ಮುಂದ ಮಾರಿಗೆ ಪೌಡರ್ ಹಚ್ಚಿಕೊಂಡು ಹೋದ್ರ ಹಳದಿ ಕಾಮಣಿ ಹೆಂಗ ಕಾಣತೈತಿ?" ಆಕಿ ಸುಣ್ಣದ ಬುಟ್ಟಿ ಮೂಲಿಗೆ ಸರಿಸಿ, "ಹಂಗಂತ ಮೊದಲ ಹೇಳಬಾರದ?" ಅಂದ್ಲು.

ನಿನ್ನೆ ಮಧ್ಯಾಹ್ನ ಪಡುವಲ ಮುಗಿಲು ಕಪ್ಪಾತು. ನಾನು, ಹನಮಪ್ಪ ಕಾಕಾ ಮ್ಯಾಲಿನ ಮಡುವಿಗೆ ಓಡಿದ್ವಿ. ಶಬ್ಬೀರ ಟಂಟಂ ತಗೊಂಡು ಗುಡ್ಡಾ ಬಳಸಿ ಮೂಡಲ ಹಳ್ಳಕ್ಕ ಹೋದ. ಮಳಿ ಹನಿ ಬೀಳಾಕ ಹತ್ತಿದಾಗ ಕಾಕಾ ಒಂದು ಮರದ ಎಲಿ ಮ್ಯಾಲ ಬೆರಳಾಡಿಸಿ ತೋರಿಸಿದ. ಬೆರಳು ಕರ್ರಗಾತು. ಮಡುವು ಏರಾಕ ಸುರುವಾದ ಕೂಡಲೇ ಬಾಟಲಿ ಮುಳುಗಿಸಿದ್ವಿ. ಕಾಕಾ ಆ ಮಳ್ಯಾಗ ನಿಂತು ಗಂಗವ್ವಗ ಕೈ ಮುಗದು, "ತಪ್ಪು ತಿಳ್ಕೋಬ್ಯಾಡವ್ವಾ, ಮೈಸೂರಾಂವಾ ಭಾಳ ಬಿಗಿ ಮನಶ್ಯಾ ಅದಾನ" ಅಂದ. ಬರಬೇಕಾದ್ರ ಕಾಲು ಜಾರಿ ಬಿದ್ದೆ. ಬಾಟಲಿ ಕೈ ಮ್ಯಾಲೇ ಇತ್ತು. ಮೊಣಕಾಲು ಕೆತ್ತಿದ್ದು ನಿಮ್ಮ ಲೆಕ್ಕಕ್ಕ ಬರೂದಿಲ್ಲ, ಬಿಡ್ರಿ.

ನೀವು ಕೇಳಿದ್ದಕ್ಕ ಉತ್ತರ. ಹೊಂಡದ ಏಡಿ ಕಲ್ಲಿದ್ದಂಗ ಅದಾವ. ಮ್ಯಾಲಿನ ಮಡುವಿನವು ಮೆತ್ತಗ ಅದಾವ. ನಡುವ ಕೂಗಿದ್ರ ಕೇಳೂವಷ್ಟು ದೂರ. ಮೂಡಲ ಹಳ್ಳದಾವೂ ಗಟ್ಟಿ. ಒಂದು ಶಬ್ಬೀರನ ಹೆಬ್ಬೆರಳು ಹಿಡೀತಂತ, ಅಂವಾ ಇನ್ನೂ ಬೈಯಾಕತ್ಯಾನ. ಇದನ್ನ ನಾವು ಯಾಕ ಮೊದಲೇ ನೋಡಲಿಲ್ಲೋ. ಹೊಂಡದ ಏಡಿ ಗಂಗವ್ವನ ಏಡಿ, ಅವನ್ನ ಯಾರೂ ಮುಟ್ಟಂಗಿಲ್ಲ. ಹಿಡದವರೇ ಇದ್ದಿದ್ದಿಲ್ಲ. ಈಗ ದೊಡ್ಡವ್ವನೇ ಹಿಡದು ಕೊಟ್ಟಾಳ.

ಸಭೆ ಅಕ್ಟೋಬರ್ ಹದಿನೆಂಟಕ್ಕ.

ದ್ರಾಕ್ಷಾಯಿಣಿ


ಮೈಸೂರು
25 ಸೆಪ್ಟೆಂಬರ್ 2023

ದ್ರಾಕ್ಷಾಯಿಣಿಯವರಿಗೆ,

ಮೇಲಿನ ಮಡುವು: 4.7. ಮೂಡಲ ಹಳ್ಳ: 6.9.

ಯಂತ್ರವನ್ನು ತೊಳೆದು ಮತ್ತೆ ಮತ್ತೆ ನೋಡಿದೆ. ಬದಲಾಗಲಿಲ್ಲ. ಮೇಲಿನ ಮಡುವಿನಲ್ಲಿ ಗಂಧಕದಿಂದ ಬಂದ ಅಂಶ ಮೂಡಲ ಹಳ್ಳದ್ದರ ಹತ್ತಾರು ಪಟ್ಟು ಇದೆ. ಹುಳಿಮಳೆ ಮಣ್ಣಿನಲ್ಲಿದ್ದ ಸುಣ್ಣದ ಅಂಶವನ್ನು ವರ್ಷ ವರ್ಷ ಕರಗಿಸಿ ಒಯ್ದಿದೆ. ಅದು ಮುಗಿಯುತ್ತ ಬಂದಾಗ ಮಣ್ಣಿನೊಳಗೆ ತೆಪ್ಪಗಿದ್ದ ಅಲ್ಯೂಮಿನಿಯಂ ಕರಗಿ ನೀರಿಗೆ ಬರತೊಡಗಿದೆ. ಚಿಪ್ಪು ಕಳಚಿದ ಏಡಿ ಹೊಸ ಚಿಪ್ಪು ಕಟ್ಟಿಕೊಳ್ಳಲು ನೀರಿನಿಂದ ಸುಣ್ಣ ತೆಗೆದುಕೊಳ್ಳಬೇಕು. ನೀರಿನಲ್ಲಿ ಇಲ್ಲ. ಹನಮಪ್ಪನವರ ಕಣ್ಣು ಹೋಗಿಲ್ಲ. ಏಡಿಗಳೂ ಸುಳ್ಳು ಹೇಳಿಲ್ಲ. ಸುಳ್ಳು ಹೇಳಿದ್ದು ಗೋಡೆಯ ಮೇಲಿನ ನನ್ನ ವಾಕ್ಯ.

ಹೊಸ ವರದಿಯನ್ನು ಇದರ ಜೊತೆ ಇಟ್ಟಿದ್ದೇನೆ. ಹಳೆಯ ವರದಿಯನ್ನು ರದ್ದು ಮಾಡಿಲ್ಲ. ಅದು ಸುಣ್ಣ ಹಾಕಿದ ಹೊಂಡದ ನೀರಿನ ವರದಿ ಎಂದು ಬರೆದು ಇದಕ್ಕೇ ಹೊಲಿದಿದ್ದೇನೆ. ಅವರು ಅದನ್ನೇ ಎತ್ತಿ ತೋರಿಸುತ್ತಾರೆ. ತೋರಿಸಲಿ.

ನೀವು ಕೇಳುವ ಮೊದಲೇ ಹೇಳುತ್ತೇನೆ, ಸಭೆಗೆ ನಾನು ಬರುವುದಿಲ್ಲ. ಬಂದರೆ ಯಾವ ಊರಿನವರೆಂದು ಮೊದಲು ಕೇಳುತ್ತಾರೆ. ನಾನು ನಿಮ್ಮ ಕೊಪ್ಪಳ ಜಿಲ್ಲೆಯ ಕನಕಗಿರಿಯವನು. ನಿಮ್ಮ ಮೊದಲ ಡಬ್ಬಿಯ ಮೇಲೆ ಇರಕಲ್ಲಗಡ ಎಂಬ ಹೆಸರು ನೋಡಿದ ಕ್ಷಣದಿಂದ, ಊರಿನ ಕಡೆ ವಾಲಬಾರದೆಂದು ಬಿಗಿಯಾಗಿ ನಿಂತೆ. ಅಷ್ಟು ಬಿಗಿಯಾಗಿ ನಿಂತವನು ಇನ್ನೊಂದು ಕಡೆ ವಾಲಿರುತ್ತಾನೆಂದು ಹೊಳೆಯಲಿಲ್ಲ. ಇಲ್ಲಿಗೆ ಬಂದು ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಊರು ನನಗೆ ಈಗ ಬಸ್ಸಿನ ಬೋರ್ಡು ಮಾತ್ರ.

ರೊಟ್ಟಿ ಗೊತ್ತಿದೆ. ಏಡಿಯೂ ಗೊತ್ತಿದೆ.

ಗೋವಿಂದರಾಜ


ಹೊಸಗುಡ್ಡ
20 ಅಕ್ಟೋಬರ್ 2023

ಗೋವಿಂದರಾಜಣ್ಣಗ,

ಕನಕಗಿರಿಯಾಂವ ಅಂದ ಮ್ಯಾಲ ಇನ್ನ ಸರ್ ಯಾಕ. ಮೊದಲೇ ಹೇಳಿದ್ರ ಎರಡು ಬೈಗಳ ಜಾಸ್ತಿ ಬೈತಿದ್ದೆ.

ಸಭೆ ಆತು. ಹೈಸ್ಕೂಲಿನ ಬಯಲಾಗ ಶಾಮಿಯಾನ. ದೊಡ್ಡ ಅಧಿಕಾರಿಗಳು ಮ್ಯಾಲ ಕುಂತಿದ್ರು. ಫ್ಯಾಕ್ಟರಿಯ ಪರಿಸರ ಅಧಿಕಾರಿ ಎದ್ದು ನಿಂತು, ನೀವು ಹೇಳಿದಂಗೇ, ಹಳೇ ವರದಿ ಎತ್ತಿ ಓದಿದ. "ನಿಮ್ಮ ನೀರು ಚೆನ್ನಾಗಿದೆ. ಇದು ಅಧ್ಯಕ್ಷರೇ ತರಿಸಿದ ವರದಿ ಸ್ವಾಮಿ, ನಮ್ಮದಲ್ಲ." ಮಂದಿ ನಕ್ಕರು. ನಮ್ಮ ಮಂದಿನೂ ನಕ್ಕರು.

ನಾ ಎದ್ದೆ. "ಖರೇ ಐತ್ರಿ ಸಾಹೇಬ್ರ, ಆ ನೀರು ಛಲೋ ಐತಿ. ಯಾಕ ಛಲೋ ಐತಿ ಅಂತ ಕೇಳಲಿಲ್ಲಲ್ಲ?" ಅಂದೆ. ಸುಣ್ಣದ ಕಥಿ ಹೇಳಿದೆ. ಎರಡು ಹಳ್ಳ, ಎರಡು ಅಂಕಿ ಹೇಳಿದೆ. ಹೊಗಿ ಯಾವಾಗ ನೀರಿಗೆ ಭೇಟಿ ಆಗತೈತಿ ಅನ್ನೋದನ್ನ ನಿಮ್ಮ ಕಾಗದದಾಗಿನ ಮಾತಿನಲೇ ಹೇಳಿದೆ. ಅಂವಾ, "ಇದೆಲ್ಲ ಅಂಕಿ ಆಟ. ಏಡಿಗೆ ಕುರಿ ಔಷಧ ತಾಗಿರಬೇಕು" ಅಂದ. "ಹಂಗಾದ್ರ ಕುರಿ ಮೇಯೋ ಮೂಡಲ ಹಳ್ಳದಾಗ ಯಾಕ ತಾಗಿಲ್ಲ?" ಅಂತ ಹನಮಪ್ಪ ಕಾಕಾ ಹಿಂದಿಂದ ಒದರಿದ. ಫ್ಯಾಕ್ಟರಿಯಾಂವಾ ತನ್ನ ಕಾಗದ ಮಗಚಾಕ ಹತ್ತಿದ.

ಆಮ್ಯಾಲ ನಾನು ಎರಡು ಬಕೀಟು ಮೇಜಿನ ಮ್ಯಾಲ ಇಟ್ಟೆ. ಒಂದರಾಗ ಮ್ಯಾಲಿನ ಮಡುವಿನ ಏಡಿ, ಇನ್ನೊಂದರಾಗ ಹೊಂಡದ್ದು. "ಅಂಕಿ ಬಿಡ್ರಿ, ಕೈಲೆ ನೋಡ್ರಿ" ಅಂದೆ. ಫ್ಯಾಕ್ಟರಿಯಾಂವಾ ಮಡುವಿನ ಏಡಿ ಎತ್ತಿದ. ಅವನ ಬೆರಳ ನಡುವ ಚಿಪ್ಪು ಬಾಗಿತು. ಮುಂದ ಕುಂತವರಿಗೆಲ್ಲ ಕಾಣಿಸ್ತು. ಮ್ಯಾಲ ಕುಂತ ಅಧಿಕಾರಿ ತಾವೂ ಇಳದು ಬಂದು ಒತ್ತಿ ನೋಡಿದ್ರು. "ಇನ್ನೊಂದು?" ಅಂತ ಅವರೇ ಕೇಳಿದ್ರು. ಫ್ಯಾಕ್ಟರಿಯಾಂವಾ ಧೈರ್ಯದಿಂದ ಎರಡನೇ ಬಕೀಟಿನಾಗ ಕೈ ಹಾಕಿದ.

ಅಣ್ಣಾ, ಅಂವಾ ಒದರಿದ್ದು ಇರಕಲ್ಲಗಡದ ತನಕ ಕೇಳಿರಬೇಕು. ಏಡಿ ಬೆರಳಿಗೆ ಜೋತು ಬಿದ್ದು ಬಿಡವಲ್ದು. ಶಬ್ಬೀರ ಬಿಡಸಾಕ ಓಡಿದ. ಮಾಳವ್ವ ದೊಡ್ಡವ್ವ ಕುಂತಲ್ಲಿಂದಲೇ, "ತಡಿಯೋ, ಬಿಡಸಬ್ಯಾಡ. ಅದು ಸಾಕ್ಷಿ ಹೇಳಾಕತ್ತೈತಿ, ಪೂರಾ ಹೇಳ್ಲಿ" ಅಂದ್ಲು.

ನಗಿ ನಿಲ್ಲಾಕ ಭಾಳ ಹೊತ್ತು ಬೇಕಾತು. ಅಧಿಕಾರಿ ಎಲ್ಲಾ ಬರಕೊಂಡ್ರು, ನಿಮ್ಮ ಎರಡೂ ವರದಿ ಇಸಕೊಂಡ್ರು. ನಿರ್ಧಾರ ಮ್ಯಾಲಿಂದ ಬರಬೇಕು. ಆದ್ರ ಸಂಜಿಗೆ ಬಸ್ ಸ್ಟ್ಯಾಂಡಿನ ಗ್ವಾಡಿ ಮ್ಯಾಲಿನ ಕಾಗದ ಹರದಿತ್ತು. ಯಾರು ಹರದ್ರೋ ಗೊತ್ತಿಲ್ಲ, ನಾ ಅಂತೂ ಅಲ್ಲ.

ನಿಮ್ಮ ತಂಗಿ,
ದ್ರಾಕ್ಷಾಯಿಣಿ


ಹೊಸಗುಡ್ಡ
5 ಫೆಬ್ರುವರಿ 2024

ಅಣ್ಣಾ,

ಬಂತು! ಎರಡನೇ ಚಿಮಣಿಗೆ ಅನುಮತಿ ಇಲ್ಲ. ಹಳೇ ಚಿಮಣಿಗೆ ಹೊಗಿ ತೊಳಿಯೋ ಯಂತ್ರ ಹಾಕಬೇಕು, ಅದು ನಿಂತ ದಿನ ಫ್ಯಾಕ್ಟರಿನೂ ನಿಲ್ಲಬೇಕು. ಹೊಗಿ ಅಳಿಯೋ ಮೀಟರು ನಮ್ಮ ಪಂಚಾಯ್ತಿ ಆಫೀಸಿನಾಗ ಕಾಣಬೇಕು. ಆದೇಶ ಓದಿದ ದಿನ ಮಂದಿ ನನ್ನ ಮತ್ತ "ಚೆನ್ನಾಗವ್ವ" ಅಂತ ಕರದ್ರು. ಈ ಸಲ ಆ ಹೆಸರು ಕೇಳಾಕ ಚೆನ್ನಾಗಿತ್ತು.

ಈಗ ಊರಾಗ ಒಂದು ಹುಮ್ಮಸ್ಸು ಎದ್ದೈತಿ. ಈ ಯುಗಾದಿಗೆ ಹೊಂಡದಿಂದ ಮ್ಯಾಲಿನ ಮಡುವಿನ ತನಕ ಹಳ್ಳದ ಎಲ್ಲಾ ಕಲ್ಲಿಗೂ ಸುಣ್ಣ ಹಚ್ಚಬೇಕಂತ. ಮನಿಗೊಂದು ಬುಟ್ಟಿ ಸುಣ್ಣ. ದೊಡ್ಡವ್ವ ಈಗಲೇ ಸೊಂಟಕ್ಕ ಸೆರಗು ಕಟ್ಟ್ಯಾಳ. "ಮೈಸೂರಿನಾಂವನೇ ಹೇಳ್ಯಾನ, ಸುಣ್ಣ ಔಷಧಿ ಅಂತ" ಅಂತಾಳ. ಹೂಂ ಅನ್ನಲೇನು?

ದ್ರಾಕ್ಷಾಯಿಣಿ


ಮೈಸೂರು
14 ಫೆಬ್ರುವರಿ 2024

ತಂಗಿ ದ್ರಾಕ್ಷಾಯಿಣಿಗೆ,

ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಎರಡು ದಿನ ಓಡಾಡಿದೆ. ಯಾರಿಗೂ ತೋರಿಸಲಿಲ್ಲ. ತೋರಿಸಬೇಕೆನ್ನಿಸುವುದೇ ನನಗೆ ಹೊಸದು.

ಸುಣ್ಣ ಔಷಧಿ ಹೌದು. ಆದರೆ ಒಂದು ವರ್ಷ ಕೊಡಿ. ಯಂತ್ರ ಓಡುತ್ತಿದೆಯೆಂದು ಮೀಟರು ಹೇಳುತ್ತದೆ. ಹಳ್ಳ ಏನು ಹೇಳುತ್ತದೆ? ಸುಣ್ಣ ಹಾಕಿದರೆ ಅದರ ಬಾಯನ್ನು ನಾವೇ ಮುಚ್ಚಿದಂತೆ. ಮತ್ತೆ 8.4 ಬರುತ್ತದೆ, ಮತ್ತೆ ಗೋಡೆಗೆ ಅಂಟಿಸುತ್ತಾರೆ, ಯಂತ್ರ ನಿಂತರೂ ಯಾರಿಗೂ ಗೊತ್ತಾಗುವುದಿಲ್ಲ. ಮೇಲಿನ ಮಡುವು ಈ ಮಳೆಗಾಲ ತಾನಾಗಿ ಏನಾಗುತ್ತದೋ ನೋಡಬೇಕು. ಈ ಒಂದು ಯುಗಾದಿ ಹೊಂಡಕ್ಕೂ ಬೇಡ. ಹೊಂಡ ಈಗ ತನ್ನ ಕಾಲ ಮೇಲೆ ನಿಲ್ಲುತ್ತದೆಯೋ ಇಲ್ಲವೋ ತಿಳಿಯಬೇಕು. ಕುಡಿಯಲು ಅಲ್ಲಿಯವರೆಗೆ ಟ್ಯಾಂಕರ್ ನೀರು ತರಿಸಿಕೊಳ್ಳಿ.

ಮಾಳವ್ವನವರಿಗೆ ಇದನ್ನು ಹೇಗೆ ಹೇಳುವುದೆಂದು ನನಗೆ ತಿಳಿಯದು.

ಗೋವಿಂದರಾಜ


ಹೊಸಗುಡ್ಡ
3 ಜೂನ್ 2024

ಅಣ್ಣಾ,

ತಡ ಆತು. ಬರಿಯಾಕ ಮುಖಾ ಇದ್ದಿದ್ದಿಲ್ಲ. ದೊಡ್ಡವ್ವ ಒಪ್ಪಿದ್ದಿಲ್ಲ. ಯುಗಾದಿ ದಿನ ಸುಣ್ಣದ ಬುಟ್ಟಿ ತಗೊಂಡು ಹೊಂಡದ ಮುಂದ ನಿಂತಿದ್ಲು, ನಾನು ಅಡ್ಡ ನಿಂತಿದ್ದೆ. ಇಡೀ ಊರು ನೋಡತಿತ್ತು. "ನಮ್ಮವ್ವ ಹಚ್ಚ್ಯಾಳ, ನಮ್ಮವ್ವನ ಅವ್ವ ಹಚ್ಚ್ಯಾಳ. ನನ್ನ ಕೈಯಾಗ ನಿಲ್ಲಬೇಕೇನ?" ಅಂದ್ಲು. ಆಕಿ ಕಣ್ಣಾಗ ನೀರು ಬಂದಿತ್ತು, ನನಗೂ.

ಕಡೀಕ ಆಕಿನೇ ಬುಟ್ಟಿ ಇಳಿಸಿ ಒಂದು ಮಾತು ಹಾಕಿದ್ಲು. "ಆತು, ಒಂದು ವರ್ಷ ಗಂಗವ್ವ ಬರೇ ಮಾರಿಲೇ ಇರ್ಲಿ. ಆದ್ರ ಆ ಮೈಸೂರಾಂವಾ ಡಬ್ಬಿ ತರಿಸಿಕೊಂಡು ನೋಡೂದಲ್ಲ. ಇಲ್ಲೇ ಬಂದು, ನೀರಾಗ ಕೈ ಇಟ್ಟು ನೋಡಬೇಕು."

ಹೊಂಡದ ಕಲ್ಲು ಈಗ ಬೋಳು ಬೋಳು. ನೋಡಾಕ ಆಗವಲ್ದು. ಮಳಿ ಮುಗಿಲು ಕಟ್ಟಾಕತ್ತೈತಿ. ಯಂತ್ರ ಸುರುವಾಗಿ ಮೂರು ತಿಂಗಳಾತು. ಎಲಿ ಮ್ಯಾಲ ಬೆರಳಾಡಿಸಿದ್ರ ಮೊದಲಿನಂಗ ಕರ್ರಗಾಗವಲ್ದು. ಇಷ್ಟೇ ನನಗ ಗೊತ್ತು.

ಬರತೀಯೋ ಇಲ್ಲೋ?

ದ್ರಾಕ್ಷಾಯಿಣಿ


ಕನಕಗಿರಿ
29 ಜೂನ್ 2024

ತಂಗಿ ದ್ರಾಕ್ಷಾಯಿಣಿಗೆ,

ನಿನ್ನೆ ನಿಮ್ಮೂರಿನಿಂದ ಹೊರಟವನು ಮೈಸೂರಿನ ಬಸ್ಸು ಹತ್ತಲಿಲ್ಲ. ಇಲ್ಲಿ ಇಳಿದೆ. ಸಂತೆಯ ಬೀದಿಯಲ್ಲಿ ಒಬ್ಬರು ಗುರುತು ಹಿಡಿದು, "ಯಾವಾಗ ಬಂದ್ಯೋ?" ಎಂದು ಕೇಳಿದರು, ಹೋದ ವಾರ ಹೋದವನನ್ನು ಕೇಳುವ ಹಾಗೆ. ಈಗ ಬಂದೆ ಎಂದೆ.

ಎರಡು ದಿನಗಳ ಹಿಂದೆ ಎಲ್ಲರೂ ಮಳೆಯಲ್ಲಿ ನಿಂತು ನೋಡಿದ ಅಂಕಿಯನ್ನು ಇನ್ನೊಮ್ಮೆ ಇಲ್ಲಿ ಬರೆದಿಡುತ್ತೇನೆ, ಪಂಚಾಯ್ತಿಯ ಗೋಡೆಗೆ ಬೇಕಾಗುತ್ತದೆ. ಮೇಲಿನ ಮಡುವು, ಮೊದಲ ಜೋರು ಮಳೆಯ ಏರುನೀರು: 6.2. ಗಂಗವ್ವನ ಹೊಂಡ, ಸುಣ್ಣವಿಲ್ಲದೆ: 6.6. ಹಳೆಯ ಹಳ್ಳ ಪೂರ್ತಿ ಮರಳಿಲ್ಲ. ಮಣ್ಣು ಕಳೆದುಕೊಂಡ ಸುಣ್ಣವನ್ನು ಕಲ್ಲು ಸವೆದು ಮತ್ತೆ ಕೊಡಲು ಬಹಳ ವರ್ಷ ಬೇಕು. ಆದರೆ ಮೇಲಿನಿಂದ ಸುರಿಯುತ್ತಿದ್ದ ಹುಳಿ ನಿಂತಿದೆ. ನಿಂತ ಕೂಡಲೇ ನೀರು ತಿರುಗಿಕೊಂಡಿದೆ. ಇಷ್ಟು ಬೇಗ ತಿರುಗುತ್ತದೆಂದು ಕೇಳಿದ್ದರೆ ನಾನು ಇಲ್ಲವೆನ್ನುತ್ತಿದ್ದೆ. ಮುಂದಿನ ಯುಗಾದಿಗೆ ಹೊಂಡಕ್ಕೆ ಸುಣ್ಣ ಹಚ್ಚಲು ನನ್ನ ಅಡ್ಡಿಯಿಲ್ಲ. ಕಲ್ಲಿಗೆ ಹಚ್ಚಿ, ಕೆಮ್ಮಣ್ಣಿನ ಪಟ್ಟಿ ಎಳೆಯಿರಿ. ಗಂಗವ್ವನ ಪಾಲನ್ನೂ ಕೊಡಿ. ಇನ್ನು ಅದು ಔಷಧಿಯಲ್ಲ, ಬರೀ ಹಬ್ಬ. ಮೇಲಿನ ಮಡುವನ್ನು ಮಾತ್ರ ಹಾಗೇ ಬಿಡಿ. ವರ್ಷಕ್ಕೊಮ್ಮೆ ಅದರ ಮಾತು ಕೇಳೋಣ. ಕೇಳಲು ನಾನೇ ಬರುತ್ತೇನೆ, ಡಬ್ಬಿ ಬೇಡ.

ಅಕ್ಷರ ಕೆಟ್ಟಿದೆ, ಮನ್ನಿಸು. ಬೆರಳಿಗೆ ಪಟ್ಟಿ ಸುತ್ತಿಕೊಂಡು ಬರೆಯುತ್ತಿದ್ದೇನೆ. ನೀರಿನಲ್ಲಿ ಕೈ ಇಟ್ಟು ನೋಡಬೇಕೆಂದು ಮಾಳವ್ವನವರು ಹೇಳಿದ್ದರಲ್ಲ. ನೀವೆಲ್ಲ ಅಂಕಿ ನೋಡಿ ಕೂಗಾಡುತ್ತ ಕೆಳಗಿಳಿದ ಮೇಲೆ ನಾನೊಬ್ಬನೇ ಮೇಲಿನ ಮಡುವಿನ ಹತ್ತಿರ ಉಳಿದೆ. ಕಲ್ಲಿನ ಸಂದಿಯಲ್ಲಿ ಕೈ ಇಟ್ಟೆ. ಒಳಗಿದ್ದವನು ಸುಮ್ಮನೆ ಬಿಡಲಿಲ್ಲ. ರಕ್ತ ಬಂತು. ಎಳೆದರೂ ಬಿಡಲಿಲ್ಲ. ಚಿಪ್ಪನ್ನು ಇನ್ನೊಂದು ಕೈಯಿಂದ ಒತ್ತಿದೆ, ಬಾಗಲಿಲ್ಲ. ನಾನು ಅಲ್ಲೇ ಕೂತು, ಅದು ಪೂರಾ ಹೇಳಿ ಮುಗಿಸುವ ತನಕ ಕಾದೆ. ಕೆಳಗೆ ಬಂದಾಗ ಕೈಯನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದೆ. ನೀವು ನಗುತ್ತೀರೆಂದು.

ಈಗ ನಗಬಹುದು. ದೊಡ್ಡವ್ವಗ ಹೇಳು, ಮ್ಯಾಲಿನ ಮಡುವಿನ ಏಡಿ ಭಾಳ ಛಲೋ ಕಚ್ಚೇತಿ ಅಂತ.

ನಿಮ್ಮ,
ಗೋವಿಂದರಾಜ